ಕಾಲುವೆಗೆ ಅಡ್ಡಬಿದ್ದ ತಾಂಡೇಲ

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ವಾಸವಾಗಿರುವ ಪುರುಷೋತ್ತಮರು ಸುಳ್ಳು ಹೇಳಿದವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಅವರಲ್ಲಿದ್ದ ದೋಷ ಒಂದೇ. ಯಾರಾದರೂ ಅವರ ಬಗ್ಗೆ ಇದ್ದದ್ದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಒಳ್ಳೆಯದಾಗಿ ತಿಳಿದುಕೊಂಡರೆ ಅದನ್ನು ತಿದ್ದುವುದಕ್ಕೆ ಅವರಿಗೆ ಬಾಯಿ ಬರುತ್ತಿರಲಿಲ್ಲ. ಎದುರಿನವರಿಗೆ ಬೇಸರವಾದೀತಲ್ಲ ಎಂಬ ಕಾಳಜಿ, ಅಷ್ಟೇ.

ಆ ಭಾನುವಾರ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಹೆಂಡತಿ ಪ್ರಫುಲ್ಲಾ. ಎದುರಿನ ಟಿವಿಯಲ್ಲಿ ಮೆಲ್ಬರ್ನಿನ ಕ್ರಾನ್‌ಬರ್ನ್‌ನಿಂದ ರಾಜಣ್ಣ ಮತ್ತು ಇಂದಿರಮ್ಮ ಎಂಬ ಮೈಸೂರಿನ ದಂಪತಿ ವಿಡಿಯೋ ಕಾಲಿನಲ್ಲಿ ಮೂಡಿದ್ದರು. ಅವರ ಮಗ ಸುಧನ್ವ, ಇವರ ಮಗಳು ನಿರೀಕ್ಷಾ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ವರ್ಷವಾಗಿತ್ತು. ಹಿರಿಯರು ಒಪ್ಪುವುದೊಂದೇ ಬಾಕಿ. ಅದರಲ್ಲೂ ರಾಜಣ್ಣ ಒಪ್ಪುವುದು ಬಾಕಿ.

"ನೋಡಿ ಸ್ವಾಮಿ, ನಾನು ನೇರ ಮನುಷ್ಯ," ಎಂದು ರಾಜಣ್ಣ ಟಿವಿ ತುಂಬ ಆವರಿಸಿಕೊಂಡು ಹೇಳಿದರು. "ಶ್ರೀರಂಗಪಟ್ಟಣದಲ್ಲಿ ಕಾವೇರಿ ಈಜಿ ಬೆಳೆದವನು. ಹೋದ ವರ್ಷ ಒಂದು ಸಂಬಂಧ ಬಂದಿತ್ತು. ಹುಡುಗಿ ತಂದೆ, ನಮಗೆ ಕಾಫಿ ತೋಟ ಇದೆ ಅಂದ್ರು. ಹೋಗಿ ನೋಡ್ತೀನಿ, ಬಾಲ್ಕನೀಲಿ ಎರಡು ಕುಂಡ! ಎರಡೇ ಎರಡು ಕಾಫಿ ಗಿಡ! ಕೊಟ್ಟ ಕಾಫೀನೂ ಕುಡೀದೆ ಎದ್ದು ಬಂದೆ. ಸುಳ್ಳು ಹೇಳೋ ಮನೆಯಿಂದ ನಾನು ಹೆಣ್ಣು ತರೋದಿಲ್ಲ."

ಪುರುಷೋತ್ತಮರು ತಲೆಯಾಡಿಸಿದರು. ತಮ್ಮ ಮನೆಯ ಬಾಲ್ಕನಿಯಲ್ಲಿ ಕುಂಡಗಳಿಲ್ಲವೆಂದು ಮನಸ್ಸಿನಲ್ಲೇ ಖಾತ್ರಿ ಮಾಡಿಕೊಂಡರು. ಅಲ್ಲಿ ಮಾತು ನಿಂತಿತು. ಮಾತು ನಿಂತ ಜಾಗವನ್ನು ಪ್ರಫುಲ್ಲಾ ಸಹಿಸುವವರಲ್ಲ.

"ನಮ್ಮವರದ್ದು ಮಲ್ಪೆ," ಎಂದರು. "ಊರಿನಲ್ಲಿ ಇವರನ್ನು ಎಲ್ಲ ತಾಂಡೇಲ ಅಂತಲೇ ಕರೆಯುದು."

"ತಾಂಡೇಲ ಅಂದ್ರೆ?"

"ಬೋಟಿನ ಯಜಮಾನ. ಚುಕ್ಕಾಣಿ ಹಿಡಿಯುದು, ಬಲೆ ಎಲ್ಲಿ ಹಾಕ್ಬೇಕು ಅಂತ ಹೇಳುದು, ಎಲ್ಲ ಅವನೇ. ಅವ ಹೇಳಿದ ಮೇಲೆ ಸಮುದ್ರದ ನಡುವೆ ಬೇರೆ ಮಾತಿಲ್ಲ."

ರಾಜಣ್ಣನ ಕಣ್ಣು ಅಗಲವಾಯಿತು. "ಇಂದಿರಾ, ಕೇಳಿದ್ಯಾ? ಕ್ಯಾಪ್ಟನ್ ಕಣೇ! ಅದಕ್ಕೇ ನೋಡು, ಎಷ್ಟು ಮೌನವಾಗಿ ಕೂತಿದ್ದಾರೆ. ಸಮುದ್ರ ನೋಡಿದವರು ಮಾತಾಡಲ್ಲ."

ಪುರುಷೋತ್ತಮರು ಮೌನವಾಗಿಯೇ ಕೂತಿದ್ದರು. ತಿದ್ದಲಿಲ್ಲ.

ಕಾಲ್ ಮುಗಿದ ಮೇಲೆ ಅಡುಗೆಮನೆಗೆ ಹೋಗಿ, ಹೆಂಡತಿ ಈರುಳ್ಳಿ ಹೆಚ್ಚುವಾಗ, ಈಚೆ ನಿಂತು ಗಂಟಲು ಸರಿಮಾಡಿಕೊಂಡರು. "ಪ್ರಫುಲ್ಲಾ, ಆ ತಾಂಡೇಲದ ವಿಷಯ. ನಾನು ಬೋಟಿನಲ್ಲಿ ಹೋದವನಲ್ಲ ಮಾರಾಯ್ತಿ. ನಾನಿದ್ದದ್ದು ಮಲ್ಪೆಯ ಐಸ್ ಪ್ಲಾಂಟಿನ ಆಫೀಸಿನಲ್ಲಿ."

"ಅದು ಗೊತ್ತುಂಟು. ಅದಕ್ಕೆ ಮೊದಲು ಬೋಟಿಗೆ ಹೋಗ್ತಿದ್ರಲ್ಲ?"

"ಇಲ್ಲ. ಹಗಲು ಐಸ್ ಪ್ಲಾಂಟು, ಸಂಜೆ ಉಡುಪಿಯಲ್ಲಿ ಈವ್ನಿಂಗ್ ಕಾಲೇಜು. ಕ್ಲಾಸ್ ಮುಗಿಸಿ ಬರುವಾಗ ಹಸಿವೆ ಅಂದ್ರೆ ಹಸಿವೆ. ಮೆಸ್ಸಿನ ಬಾಗಿಲು ತೆಗೆಯುವ ಮೊದಲೇ ಕ್ಯೂವಿನ ಮುಂದೆ ನಾನೇ. ದಿನಾ ಮುಂದೆ ನಿಲ್ಲುವವ ಅಂತ ಆ ಗುರುದತ್ತ ಇಟ್ಟ ಹೆಸರು ಅದು, ತಾಂಡೇಲ."

ಪ್ರಫುಲ್ಲಾರ ಕೈಯ ಚಾಕು ಅಲ್ಲೇ ನಿಂತಿತು. "ಹಾಗಾದ್ರೆ ನೀವು ಸಮುದ್ರಕ್ಕೇ ಹೋಗ್ಲಿಲ್ವಾ?"

"ಇಲ್ಲ."

"ಮದುವೆ ನಿಶ್ಚಯವಾದಾಗ ನನ್ನ ಅಮ್ಮ, ಅಳಿಯ ನೀರಿನ ಮೇಲೆ ಹೋಗುವವ ಅಂತ, ನಿಮ್ಮ ಹೆಸರಿನಲ್ಲಿ ಹೂವಿನ ಪೂಜೆ ಹರಕೆ ಹೇಳಿದ್ದು ಗೊತ್ತುಂಟಾ? ಇವತ್ತಿಗೂ ಪ್ರತಿ ವರ್ಷ ಮಾಡಿಸ್ತಾರೆ! ಯಾರಿಗೆ? ಅನ್ನದ ಕ್ಯೂವಿನಲ್ಲಿ ನಿಂತವನಿಗೆ!"

"ಆಗಲೇ ಹೇಳ್ಬೇಕಿತ್ತು. ಅವರಿಗೆ ಬೇಸರ ಆಗ್ತದೆ ಅಂತ..."

"ಈಗ ಆ ರಾಜಣ್ಣನವರಿಗೆ ಫೋನ್ ಮಾಡಿ ಹೇಳಿ."

ಪುರುಷೋತ್ತಮರು ಫೋನ್ ಕೈಗೆತ್ತಿಕೊಂಡರು. ಎರಡು ಕುಂಡಗಳು ಕಣ್ಣಮುಂದೆ ಬಂದವು. ಆಗ ನಿರೀಕ್ಷಾ ಮಹಡಿಯಿಂದ ಕುಣಿಯುತ್ತಲೇ ಇಳಿದು ಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. "ಅಪ್ಪಾ, ಸುಧನ್ವ ಟೆಕ್ಸ್ಟ್ ಮಾಡಿದ್ದಾನೆ. ಹಿಸ್ ಡ್ಯಾಡ್ ಲವ್ಸ್ ಯೂ! ಐ ಡಿಡಂಟ್ ನೋ ಯೂ ವರ್ ಅ ಕ್ಯಾಪ್ಟನ್!"

ಪುರುಷೋತ್ತಮರು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು.

ಎರಡು ದಿನ ಕಳೆದ ಮೇಲೆ ರಾಜಣ್ಣನೇ ಫೋನ್ ಮಾಡಿದರು. ಮಾತುಕತೆಗೆ ನೀವೆಲ್ಲ ಮೆಲ್ಬರ್ನಿಗೆ ಬರಬೇಕು ಎಂದರು. ಆದರೆ ಕ್ಯಾಪ್ಟನ್ನರನ್ನು ಕ್ರಾನ್‌ಬರ್ನಿನ ಲೌಂಜಿನಲ್ಲಿ ಕೂರಿಸಿ ಕೇಸರಿಬಾತ್ ಕೊಟ್ಟು ಕಳಿಸಲು ಅವರ ಮನಸ್ಸು ಒಪ್ಪುತ್ತಿಲ್ಲ. ಮನೆಯಿಂದ ಅರ್ಧ ಗಂಟೆ ದೂರದಲ್ಲಿ, ಸಮುದ್ರದ ನೀರನ್ನೇ ಒಳಗೆ ಹರಿಸಿ ಕಟ್ಟಿದ ಕಾಲುವೆಗಳ ಬಡಾವಣೆಯೊಂದಿದೆ. ಅಲ್ಲಿ ಬೋಟ್ ಬಾಡಿಗೆಗೆ ಸಿಗುತ್ತದೆ.

"ಬುಕ್ ಮಾಡಿಬಿಟ್ಟೆ ಸ್ವಾಮಿ! ಚಿಕ್ಕದು ಬೇಡ ಅಂದೆ. ಅಗಲವಾದ್ದೇ ಕೊಡಿ ಅಂದೆ. ಎರಡು ಕಡೆ ಬಾಳೆಲೆ ಹಾಕಿ ಪಂಕ್ತಿ ಕೂರಿಸಬೇಕು, ನಡುವೆ ಬಡಿಸೋರು ಓಡಾಡಬೇಕು. ಅವರ ಹತ್ತಿರ ಇದ್ದದ್ದರಲ್ಲೇ ಅತಿ ಅಗಲವಾದ್ದು. ಓಡಿಸೋಕೆ ಆಳು ಕೊಡ್ತೀವಿ ಅಂದ್ರು. ನಾನು ನಕ್ಕುಬಿಟ್ಟೆ. ನಮ್ಮ ತಾಂಡೇಲರೇ ಬರ್ತಾ ಇದ್ದಾರಪ್ಪ ಅಂದೆ!"

ಪುರುಷೋತ್ತಮರೂ ನಕ್ಕರು. ಆ ನಗು ಎಲ್ಲಿಂದ ಹೊರಟು ಎಲ್ಲಿಂದ ಬಂತೆಂದು ಅವರಿಗೇ ತಿಳಿಯಲಿಲ್ಲ. ನೀರಿನ ಮೇಲೆ ಅವರ ಅನುಭವವೆಂದರೆ ಒಮ್ಮೆ ಸಿಡ್ನಿಯ ಮ್ಯಾನ್ಲಿ ಬೀಚಿಗೆ ಫೆರಿಯಲ್ಲಿ ಹೋದದ್ದು. ದಾರಿಯುದ್ದಕ್ಕೂ ಒಂದು ಕಂಬವನ್ನು ತಬ್ಬಿಕೊಂಡಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಬಂದರು.

ಆದರೂ ಅವರು ಶ್ರದ್ಧೆಯ ಮನುಷ್ಯ. ಓದಿ ಕಲಿಯಲಾಗದ ವಿಷಯ ಲೋಕದಲ್ಲಿ ಇಲ್ಲವೆಂಬುದು ಸಂಜೆ ಕಾಲೇಜಿನಲ್ಲಿ ಅವರಿಗೆ ಬಂದ ನಂಬಿಕೆ. ಯೂಟ್ಯೂಬಿನಲ್ಲಿ ಕಾಲುವೆಯಲ್ಲಿ ದೋಣಿ ನಡೆಸುವ ಪಾಠ ಹುಡುಕಿದರು. ಇಂಗ್ಲೆಂಡಿನ ಗಡ್ಡದವನೊಬ್ಬ ದೋಣಿಯ ಹಿಂದುಗಡೆ ನಿಂತು, ಕೈಯಲ್ಲಿ ಒಂದು ಉದ್ದ ಕೋಲು ಹಿಡಿದು, ನಿಧಾನವಾಗಿ ಹೇಳುತ್ತಿದ್ದ: ಎಡಕ್ಕೆ ಹೋಗಬೇಕಾದರೆ ಕೋಲನ್ನು ಬಲಕ್ಕೆ ತಳ್ಳಿ, ಬಲಕ್ಕೆ ಹೋಗಬೇಕಾದರೆ ಎಡಕ್ಕೆ ತಳ್ಳಿ. ಗಾಬರಿಯಾದಾಗ ಮನುಷ್ಯ ಇದನ್ನೇ ಮರೆಯುತ್ತಾನೆ, ಹಾಗಾಗಿ ಮೈಗೆ ಹತ್ತುವವರೆಗೆ ಅಭ್ಯಾಸ ಮಾಡಿ.

ಪುರುಷೋತ್ತಮರು ಮೈಗೆ ಹತ್ತಿಸಿಕೊಂಡರು. ಶಾಪಿಂಗ್ ಸೆಂಟರಿನ ಪಾರ್ಕಿಂಗಿನಲ್ಲಿ ಖಾಲಿ ಟ್ರಾಲಿಯ ಹಿಂದೆ ನಿಂತು, ಬಾಯಲ್ಲಿ "ಎಡಕ್ಕೆ ಬಲ, ಬಲಕ್ಕೆ ಎಡ" ಎಂದು ಜಪಿಸುತ್ತ ಸಾಲುಸಾಲು ಕಾರುಗಳ ನಡುವೆ ಸಂಚರಿಸಿದರು. ಪಕ್ಕದ ಮನೆಯ ಪಂಜಾಬಿ ಹುಡುಗ ಕಾರು ನಿಲ್ಲಿಸಿ ಕೇಳಿದ: "ಅಂಕಲ್‌ಜೀ, ಸಬ್ ಠೀಕ್ ಹೈ?"

"ಪ್ರಾಕ್ಟೀಸ್," ಎಂದರು ಪುರುಷೋತ್ತಮರು ಗಂಭೀರವಾಗಿ.

ಆ ಹುಡುಗ ಸಂಜೆ ಮನೆಗೆ ಬಂದು, ಅಂಕಲ್ ಕೆಲಸ ಹೋಯಿತೇ ಎಂದು ಪ್ರಫುಲ್ಲಾರನ್ನು ಮೆಲ್ಲಗೆ ವಿಚಾರಿಸಿ, ಒಂದು ಡಬ್ಬಿ ಪಿನ್ನಿ ಉಂಡೆ ಕೊಟ್ಟು ಹೋದ. ಪುರುಷೋತ್ತಮರು ಅದನ್ನೂ ತಿದ್ದಲಿಲ್ಲ. ಪಿನ್ನಿ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಮೆಲ್ಬರ್ನಿನ ಆ ಬೋಟ್‌ಕಟ್ಟೆಯಲ್ಲಿ ಎರಡು ಕುಟುಂಬಗಳೂ ಬಂಧುಗಳೂ ಸೇರಿದರು. ರಾಜಣ್ಣ ರೇಷ್ಮೆ ಜುಬ್ಬಾ ತೊಟ್ಟಿದ್ದರು. ಟಿವಿಯಲ್ಲಿ ಕಂಡದ್ದಕ್ಕಿಂತ ಎದೆಯ ಭಾಗ ವಿಚಿತ್ರವಾಗಿ ಉಬ್ಬಿತ್ತು. ಗುಂಡಿಗಳು ಬಿಗಿದು ನಿಂತಿದ್ದವು. "ಮೈಸೂರುಪಾಕ್ ಕಮ್ಮಿ ಮಾಡೀಂದ್ರೆ ಕೇಳಲ್ಲ," ಎಂದರು ಇಂದಿರಮ್ಮ.

ಬೋಟು ನಿಜವಾಗಿಯೂ ಅಗಲವಾಗಿತ್ತು. ನೀರಿನ ಮೇಲೆ ಯಾರೋ ಒಂದು ಛತ್ರದ ಊಟದ ಮನೆಯನ್ನೇ ತೇಲಿಬಿಟ್ಟ ಹಾಗಿತ್ತು. ಮೇಲೆ ಶಾಮಿಯಾನದಂಥ ಹೊದಿಕೆ, ಸುತ್ತ ಕಟಕಟೆ, ಮುಂದುಗಡೆ ಇಳಿಯಲು ಹತ್ತಲು ಒಂದು ಗೇಟು. ಬಾಡಿಗೆ ಕಂಪನಿಯ ಟ್ರೆವರ್ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳ ರಾಶಿ ತಂದಿಟ್ಟ. ಪುರುಷೋತ್ತಮರ ಕೈ ತಾನಾಗಿಯೇ ಒಂದರ ಮೇಲೆ ಹೋಯಿತು.

"ಛೆ ಛೆ, ತಾಂಡೇಲರಿಗೆ ಯಾಕಪ್ಪ ಇದು!" ಎಂದು ರಾಜಣ್ಣ ಅದನ್ನು ಕಸಿದು ರಾಶಿಗೆ ಎಸೆದರು. "ನನಗೂ ಬೇಡ. ಕಾವೇರಿ ಈಜಿದವನು ನಾನು. ಅವರು ಹಾಕಲ್ಲ, ನಾನೂ ಹಾಕಲ್ಲ."

ಪುರುಷೋತ್ತಮರು ಆ ಜಾಕೆಟ್ಟನ್ನು, ಬಸ್ಸು ಹತ್ತಿ ಹೋಗುವ ನೆಂಟರನ್ನು ನೋಡುವ ಹಾಗೆ, ನೋಡುತ್ತ ನಿಂತರು.

ಅಷ್ಟರಲ್ಲಿ ಪಾರ್ಕಿಂಗಿನ ಕಡೆಯಿಂದ ಒಂದು ಧ್ವನಿ ಬಂತು. ಮೂವತ್ತು ವರ್ಷ ಕೇಳದಿದ್ದರೂ ಮರೆಯದ ಧ್ವನಿ. "ಏ ತಾಂಡೇಲಾ! ಎಂತ ಮಾರಾಯ, ನೀನಾ!"

ಗುರುದತ್ತ. ಅದೇ ಮೆಸ್ಸಿನ ಗುರುದತ್ತ. ಕ್ರಾನ್‌ಬರ್ನಿನಲ್ಲಿ ರಾಜಣ್ಣನ ಹಿಂದಿನ ಬೀದಿಯವನು, ಅಡುಗೆಯಲ್ಲಿ ಕೈ ಇರುವವನೆಂದು ಬಡಿಸಲು ಅವರೇ ಕರೆಸಿದ್ದರು. ಈ ಭೂಮಿಯ ಮೇಲೆ ಆ ಹೆಸರಿನ ಮೂಲ ಬಲ್ಲವರು ಪ್ರಫುಲ್ಲಾರನ್ನು ಬಿಟ್ಟರೆ ಅವನೊಬ್ಬನೇ.

ಆದರೆ ರಾಜಣ್ಣನ ಮುಖ ಸುರುಸುರುಬತ್ತಿ ಹಚ್ಚಿದ ಹಾಗೆ ಬೆಳಗಿತು. "ಕೇಳಿದ್ರಾ? ನಾನು ಒಂದು ಮಾತು ಹೇಳಿಲ್ಲ, ಅವರು ನೋಡಿದ ತಕ್ಷಣ ತಾಂಡೇಲ ಅಂದ್ರು! ಸಾಕ್ಷಿ ಅಂದ್ರೆ ಇದು ಕಣ್ರೀ!"

"ಇವನಿಗಿಂತ ಮುಂದೆ ಇನ್ನೊಬ್ಬ ನಿಂತದ್ದನ್ನು ನಾನು ನೋಡ್ಲಿಲ್ಲ ರಾಜಣ್ಣೋರೇ," ಎಂದ ಗುರುದತ್ತ ಮನಸಾರೆ. "ಮಳೆ ಇರ್ಲಿ, ಗಾಳಿ ಇರ್ಲಿ, ಇವ ಮುಂದೆಯೇ!"

"ಆಹಾ!" ಎಂದರು ಬಂಧುಗಳು.

ಪುರುಷೋತ್ತಮರು ಗುರುದತ್ತನ ತೋಳು ಹಿಡಿದು, ಸಾಂಬಾರಿನ ಪಾತ್ರೆ ಬೋಟಿನ ಹಿಂದುಗಡೆ ಒಂಟಿಯಾಗಿದೆ, ನೀನು ಅಲ್ಲಿಂದ ಏಳಲೇಬೇಡ ಎಂದು ಕಳಿಸಿ, ತಾವು ಕೋಲು ಹುಡುಕುತ್ತ ಹೊರಟರು. ಬೋಟಿನ ಹಿಂದೆ ಕೋಲಿರಲಿಲ್ಲ. ಪಕ್ಕದಲ್ಲಿಯೂ ಇರಲಿಲ್ಲ. ಟ್ರೆವರ್ ಅವರನ್ನು ಮುಂದುಗಡೆಗೆ ಕರೆದುಕೊಂಡು ಹೋಗಿ ತೋರಿಸಿದ. ಅಲ್ಲಿ, ಕಾರಿನಲ್ಲಿರುವ ಹಾಗೆ, ಒಂದು ದುಂಡನೆಯ ಸ್ಟೇರಿಂಗ್ ಇತ್ತು.

"ಕಾರು ಓಡಿಸಿದ ಹಾಗೇ ಮೇಟ್," ಎಂದ ಟ್ರೆವರ್. "ಒಂದೇ ನೆನಪಿರಲಿ. ರಸ್ತೆಯಲ್ಲಿ ನಾವು ಎಡಕ್ಕೆ, ನೀರಿನಲ್ಲಿ ಬಲಕ್ಕೆ. ಮತ್ತೆ, ನೀರು ಇಳಿಯುವ ಹೊತ್ತು. ಕವಲು ಕಾಲುವೆಗಳಿಗೆ ನುಗ್ಗಬೇಡಿ. ಅದನ್ನೆಲ್ಲ ನಿಮಗೆ ಹೇಳಬೇಕೇ? ನೀವು ಕ್ಯಾಪ್ಟನ್ ಎಂದು ಆ ಜಂಟಲ್‌ಮನ್ ಹೇಳಿದರು."

ಸತ್ಯವಾಗಿ ಹೇಳಬೇಕೆಂದರೆ, ಮೊದಲ ಅರ್ಧ ಗಂಟೆ ಪುರುಷೋತ್ತಮರು ಬೋಟನ್ನು ಚೆನ್ನಾಗಿಯೇ ನಡೆಸಿದರು. ಕಾಲುವೆ ನೇರವಾಗಿತ್ತು. ನೇರ ಕಾಲುವೆಯಲ್ಲಿ ಏನನ್ನೂ ತಿರುಗಿಸಬೇಕಾಗಿಲ್ಲ. ಎರಡೂ ದಡದಲ್ಲಿ ದೊಡ್ಡ ದೊಡ್ಡ ಮನೆಗಳು, ಪ್ರತಿ ಮನೆಗೊಂದು ಕಟ್ಟೆ, ಕಟ್ಟೆಗೊಂದು ದೋಣಿ. ಸುಧನ್ವನೂ ನಿರೀಕ್ಷಾಳೂ ಕಟಕಟೆಗೊರಗಿ ಫೋಟೋ ತೆಗೆಸಿಕೊಂಡರು. ಇಂದಿರಮ್ಮ ಬಾಳೆಲೆ ಒರೆಸಿದರು. ಪುರುಷೋತ್ತಮರಿಗೇ ಒಂದು ಕ್ಷಣ ಅನುಮಾನ ಬಂತು, ತಾವು ಹಿಂದೆ ಎಂದಾದರೂ ಬೋಟಿಗೆ ಹೋಗಿದ್ದು ಮರೆತುಹೋಗಿದೆಯೋ ಏನೋ ಎಂದು. ಅವರು ಒಂದು ಕೈ ಸೊಂಟದ ಮೇಲಿಟ್ಟುಕೊಂಡರು.

ಆಗ ಎದುರಿನಿಂದ ಒಂದು ಬಿಳಿಯ ದೋಣಿ ಬಂತು.

ಬಲಕ್ಕೆ ಸರಿಯಬೇಕು. ಮೈಗೆ ಹತ್ತಿದ ಪಾಠ ಎದ್ದು ನಿಂತಿತು: ಬಲಕ್ಕೆ ಎಡ! ಪುರುಷೋತ್ತಮರು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರು. ಬೋಟು, ಅದರ ತಪ್ಪೇನೂ ಇಲ್ಲ, ಎಡಕ್ಕೆ ಹೋಯಿತು. ಬಿಳಿ ದೋಣಿಯವನು ಕೂಗಿಕೊಂಡ. ಇನ್ನೂ ಬಲಕ್ಕೆ ಬೇಕೆಂದು ಇವರು ಇನ್ನೂ ಎಡಕ್ಕೆ ತಿರುಗಿಸಿದರು. ಬೋಟು ಗಂಭೀರವಾಗಿ, ಯಾವ ಅವಸರವೂ ಇಲ್ಲದೆ, ಒಂದು ಕವಲು ಕಾಲುವೆಗೆ ಮೂತಿ ತೂರಿಸಿ ಒಳಗೆ ಹೋಯಿತು. ಅಲ್ಲಿಂದ ತಿರುಗಿಸಿ ಹೊರಬರಬೇಕೆಂದು ಅವರು ಮತ್ತೆ ಪಾಠ ಪಾಲಿಸಿದರು. ಬೋಟು ಅಡ್ಡಡ್ಡ ತಿರುಗಿತು. ಮುಂದಿನ ಮೂತಿ ಒಂದು ಮನೆಯ ಕಟ್ಟೆಗೆ ಢಕ್ ಎಂದು ತಾಗಿತು. ಹಿಂದಿನ ಮೂಲೆ ಎದುರುಮನೆಯ ಕಟ್ಟೆಗೆ ಢಕ್ ಎಂದು ತಾಗಿತು. ಕಾಲುವೆಗೆ ಅಗುಳಿ ಹಾಕಿದ ಹಾಗಾಯಿತು. ಕಟ್ಟೆಯ ಮೇಲಿದ್ದ ಎರಡು ಹೂಕುಂಡಗಳು ಉರುಳಿ ನೀರಿಗೆ ಬಿದ್ದವು.

ಎರಡು ಕುಂಡ. ಎರಡೇ ಎರಡು. ಪುರುಷೋತ್ತಮರು ಕಣ್ಣು ಮುಚ್ಚಿಕೊಂಡರು.

ಮುಂದಿನ ಮನೆಯಿಂದ ಕಪ್ಪು ಬಟ್ಟೆಯ ಗ್ರೀಕ್ ಅಜ್ಜಿಯೊಬ್ಬಳು ಓಡಿ ಬಂದು, ತನ್ನ ತುಳಸಿಯಂಥ ಬೇಸಿಲ್ ಗಿಡಗಳಿಗಾಗಿ ಎದೆ ಬಡಿದುಕೊಂಡಳು. ಹಿಂದಿನ ಮನೆಯಿಂದ ಚಡ್ಡಿ ಹಾಕಿಕೊಂಡ ಗ್ಯಾರಿ ಎಂಬವನು ಕೈಯಲ್ಲಿ ಬಿಯರ್ ಹಿಡಿದು ಬಂದು, ಈ ಮೂಲೆಯಿಂದ ಆ ಮೂಲೆಯವರೆಗೆ ಬೋಟನ್ನು ಕಣ್ಣಿನಲ್ಲಿ ಅಳೆದ.

"ನಾನು ಇಲ್ಲಿ ಬಹಳ ವರ್ಷದಿಂದ ಇದ್ದೇನೆ ಮೇಟ್," ಎಂದ. "ಇಷ್ಟು ಸರಿಯಾಗಿ ಅಡ್ಡ ನಿಲ್ಲಿಸಿದವರನ್ನು ನೋಡಿಲ್ಲ. ನೀರು ಇಳಿಯುತ್ತಾ ಇದೆ. ಇನ್ನು ಐದು ನಿಮಿಷಕ್ಕೆ ಕೆಸರಿನಲ್ಲಿ ಕೂರುತ್ತದೆ. ಸಾಯಂಕಾಲ ನೀರು ಏರುವವರೆಗೆ ದೇವರೂ ಅಲ್ಲಾಡಿಸಲಾರ."

ಬೋಟಿನಲ್ಲಿ ಎಲ್ಲರೂ ಪುರುಷೋತ್ತಮರ ಕಡೆ ತಿರುಗಿದರು. ಈಗಲಾದರೂ ಹೇಳಿಬಿಡಬೇಕೆಂದು ಅವರು ಬಾಯಿ ತೆರೆದರು.

"ಅರ್ಥ ಆಯ್ತೇನ್ರೋ?" ಎಂದು ರಾಜಣ್ಣ ತೊಡೆ ತಟ್ಟಿದರು. "ಅಲ್ಲಾಡಲ್ಲ ಅಂತೆ! ಬೋಟ್ ಅಲ್ಲಾಡ್ತಾ ಇದ್ರೆ ಪಂಕ್ತಿ ಬಡಿಸೋದು ಹೇಗೆ? ರಸಂ ಎಲೆ ಮೇಲೆ ನಿಲ್ಲುತ್ತಾ? ತಾಂಡೇಲರು ನೀರು ಇಳಿಯೋ ಹೊತ್ತು ನೋಡಿ, ಗಾಳಿ ಬಾರದ ಜಾಗ ನೋಡಿ, ಊಟಕ್ಕೆ ಅಂತಲೇ ನಿಲ್ಲಿಸಿದ್ದಾರೆ!"

ಪುರುಷೋತ್ತಮರ ಬಾಯಿ ತೆರೆದಿತ್ತು. ಅದನ್ನು ಹಾಗೆಯೇ ಮುಚ್ಚಿದರು. ಪ್ರಫುಲ್ಲಾ ಗಂಡನನ್ನು ನೋಡಿದ ನೋಟದಲ್ಲಿ ಇಷ್ಟು ವರ್ಷಗಳ ಹೂವಿನ ಪೂಜೆಗಳೆಲ್ಲ ಇದ್ದವು.

ಎಲೆ ಹಾಕಿದರು. ಆದರೆ ಊಟ ಶುರುವಾಗುವ ಮೊದಲೇ ಇನ್ನೊಂದು ತೊಂದರೆ ಬಂತು. ಕವಲಿನ ಒಳಗಿಂದ ಹೊರಗೆ ಹೋಗಬೇಕಾದ ದೋಣಿಗಳು ಒಂದೊಂದಾಗಿ ಬಂದು ನಿಂತವು. ಹೊರಗಿಂದ ಮನೆಗೆ ಮರಳುವವರೂ ಬಂದು ನಿಂತರು. ಹಾರ್ನು, ಬೈಗಳು, ಅಜ್ಜಿಯ ಗೋಳು. ಅಜ್ಜಿಗೆ ಗ್ಯಾರಿಯ ಮನೆಗೆ ಹೋಗಿ ನ್ಯಾಯ ಕೇಳಬೇಕಾಗಿತ್ತು. ಗ್ಯಾರಿಗೆ ಈಚೆ ಬಂದು ಫೋಟೋ ತೆಗೆಯಬೇಕಾಗಿತ್ತು. ಬೋಟು ಸೇತುವೆಯಂತೆ ಬಿದ್ದಿದ್ದರಿಂದ ಆಚೆಯವರು ಈಚೆಗೂ ಈಚೆಯವರು ಆಚೆಗೂ ಬಾಳೆಲೆಗಳ ನಡುವೆ ನಡೆದಾಡತೊಡಗಿದರು. ಸಾಂಬಾರಿನ ವಾಸನೆಗೆ ದೋಣಿಗಳಲ್ಲಿದ್ದವರೂ ಇಳಿದು ಬಂದರು. ಎಲ್ಲರೂ ಒಟ್ಟಿಗೆ ನುಗ್ಗಿದರು. ಯಾರದೋ ಚಪ್ಪಲಿ ಕೋಸಂಬರಿಯ ಎಲೆಯ ಮೇಲೆ ಬಿತ್ತು. ಇಂದಿರಮ್ಮ ಕಿರುಚಿದರು.

ಆಗ ಪುರುಷೋತ್ತಮರೊಳಗೆ ಏನೋ ಒಂದು ಎದ್ದಿತು. ಸ್ಟೇರಿಂಗು ಅವರಿಗೆ ಅರ್ಥವಾಗದ ವಸ್ತು, ನೀರು ಅರ್ಥವಾಗದ ವಸ್ತು. ಆದರೆ ಅನ್ನದ ಮುಂದೆ ಹಸಿದ ಜನ ನುಗ್ಗುವುದಿದೆಯಲ್ಲ, ಅದನ್ನು ಅವರಷ್ಟು ಬಲ್ಲವರು ಆ ಕಾಲುವೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರು ಒಂದು ಸೌಟು ತೆಗೆದುಕೊಂಡು ಪಾತ್ರೆಯ ಮುಚ್ಚಳಕ್ಕೆ ಹೊಡೆದರು.

"ಕ್ಯೂ!" ಎಂದರು. ಆ ಧ್ವನಿಗೆ ಹಾರ್ನು ನಿಂತಿತು. "ಅಜ್ಜಿಯವರು ಮೊದಲು. ಮಕ್ಕಳು ಅವರ ಹಿಂದೆ. ಗ್ಯಾರಿ, ಯೂ ಹೋಲ್ಡ್ ಪ್ಲೇಟ್ಸ್. ಬಲಗಡೆಯಿಂದ ಬರುವುದು, ಎಡಗಡೆಯಿಂದ ಹೋಗುವುದು. ಗುರುದತ್ತ, ಪಲ್ಯ ಕೊನೆಯವರೆಗೆ ಬರಬೇಕು, ಮೊದಲಿನವರಿಗೇ ಮುಗಿಸಬೇಡ. ಸುಧನ್ವ, ಆ ಬಿಳಿ ದೋಣಿಯವರಿಗೆ ಎರಡು ಎಲೆ ಕಳಿಸು, ಪಾಪ ಅವರು ನನ್ನಿಂದಲೇ ಹೆದರಿದ್ದು."

ಸಾಲು ಸುಸೂತ್ರವಾಗಿ ಹರಿಯಿತು. ಗ್ರೀಕ್ ಅಜ್ಜಿ ಪ್ರಫುಲ್ಲಾರ ನೀರುದೋಸೆಯನ್ನು ಬೆಳಕಿಗೆ ಹಿಡಿದು ನೋಡಿ, ಎರಡು ತಿಂದು, ಬೇಸಿಲ್ ಮರೆತಳು. ಬಿಳಿ ದೋಣಿಯವನು ಬಿಸಿಬೇಳೆಬಾತಿನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡ. ನಿರೀಕ್ಷಾ ಅಪ್ಪನನ್ನು ಬೆರಗಿನಿಂದ ನೋಡಿದಳು. ಮನೆಯಲ್ಲಿ ಟಿವಿ ರಿಮೋಟ್ ಕೇಳಲೂ ಹಿಂಜರಿಯುವ ಮನುಷ್ಯ ಅವರು.

ಪಾಯಸದ ಹೊತ್ತಿಗೆ ಗುರುದತ್ತನಿಗೆ ಆನಂದ ತಡೆಯದಾಯಿತು. ಪುರುಷೋತ್ತಮರ ಬೆನ್ನು ತಟ್ಟಿ, ಇಡೀ ಬೋಟಿಗೆ ಕೇಳುವ ಹಾಗೆ ಹೇಳಿದ: "ನೋಡಿ, ನೋಡಿ! ಇದು ನಮ್ಮ ತಾಂಡೇಲ! ಈವ್ನಿಂಗ್ ಕಾಲೇಜಿನ ಮೆಸ್ಸಿನಲ್ಲಿ ಹೀಗೇ! ಬಾಗಿಲು ತೆಗೆಯುವ ಮೊದಲೇ ಕ್ಯೂವಿನ ಮುಂದೆ ಬಟ್ಟಲು ಹಿಡ್ಕೊಂಡು ಇವನೇ ನಿಂತಿರುದು. ಅದಕ್ಕೇ ನಾನು ತಾಂಡೇಲ ಅಂತ ಹೆಸರಿಟ್ಟದ್ದು! ಬೋಟು ಇವನ ಅಜ್ಜನೂ ಹತ್ತಲಿಲ್ಲ!"

ಯಾರೂ ನಗಲಿಲ್ಲ. ಗುರುದತ್ತ ಒಬ್ಬನೇ ಸ್ವಲ್ಪ ಹೊತ್ತು ನಕ್ಕು, ಸುತ್ತ ನೋಡಿ, ಪಾಯಸದ ಸೌಟು ಕೆಳಗಿಟ್ಟ.

ರಾಜಣ್ಣ ಎಲೆಯ ಮುಂದಿನಿಂದ ಮೆಲ್ಲಗೆ ಎದ್ದರು. "ಮೆಸ್ಸು?"

"ಹೌದು," ಎಂದರು ಪುರುಷೋತ್ತಮರು. ಈ ಸಲ ಧ್ವನಿ ಹೊರಟಿತು. "ನನಗೆ ಬೋಟ್ ಬರುದಿಲ್ಲ ರಾಜಣ್ಣೋರೇ. ಅವತ್ತೇ ಹೇಳ್ಬೇಕಿತ್ತು. ನಿಮ್ಮ ಖುಷಿ ನೋಡಿ ಹೇಳ್ಲಿಕ್ಕೆ ಆಗ್ಲಿಲ್ಲ. ತಪ್ಪು ನನ್ನದು, ಮಗಳದ್ದಲ್ಲ."

"ಅಂದ್ರೆ ಕಾಲುವೆಗೆ ಅಡ್ಡ ನಿಲ್ಲಿಸಿದ್ದು?"

"ನಿಲ್ಲಿಸಿದ್ದಲ್ಲ. ನಿಂತದ್ದು."

"ಸುಳ್ಳು!" ರಾಜಣ್ಣ ಒಂದು ಹೆಜ್ಜೆ ಹಿಂದಿಟ್ಟರು. ನಿರೀಕ್ಷಾ ಸುಧನ್ವನ ಕೈ ಹಿಡಿದುಕೊಂಡಳು. "ಮೊದಲು ಕುಂಡ, ಈಗ ಕ್ಯೂ! ಇಂದಿರಾ, ಏಳು. ನಡಿ ಮನೆಗೆ." ಇನ್ನೊಂದು ಹೆಜ್ಜೆ ಹಿಂದಿಟ್ಟರು. "ನಾನು ಕಾವೇರಿ ಈಜಿ ಬೆಳೆದ ನೇರ ಮನುಷ್ಯ. ಒಬ್ಬ ಸುಳ್ಳುಗಾರನ ಮನೆಯಿಂದ..." ಎನ್ನುತ್ತ ಮೂರನೆಯ ಹೆಜ್ಜೆಯನ್ನೂ ಹಿಂದಿಟ್ಟರು. ಮುಂದುಗಡೆಯ ಗೇಟನ್ನು ಜನರ ಓಡಾಟಕ್ಕೆಂದು ತೆರೆದಿಟ್ಟಿದ್ದರು; ಅದರ ಅರ್ಧ ಭಾಗ ಮಾತ್ರ ಕಟ್ಟೆಗೆ ತಾಗಿತ್ತು, ಉಳಿದರ್ಧದ ಕೆಳಗೆ ನೀರು. ಮೂರನೆಯ ಹೆಜ್ಜೆಗೆ ಬೋಟು ಸಾಕಾಗಲಿಲ್ಲ.

ರಾಜಣ್ಣ ಬೆನ್ನ ಮೇಲಾಗಿ ಕಾಲುವೆಗೆ ಬಿದ್ದರು.

ಬಿದ್ದ ಮರುಕ್ಷಣವೇ ಜುಬ್ಬಾದ ಒಳಗಿಂದ ಫಟ್ ಎಂದು ಶಬ್ದವಾಯಿತು. ಗುಂಡಿಗಳು ನಾಲ್ಕು ದಿಕ್ಕಿಗೆ ಹಾರಿದವು. ಒಂದು ಗ್ಯಾರಿಯ ಬಿಯರಿನಲ್ಲಿ ಬಿತ್ತು. ಸೀಳಿದ ರೇಷ್ಮೆಯ ನಡುವಿನಿಂದ ಹಳದಿ ಬಣ್ಣದ ದೊಡ್ಡ ಗಾಳಿಚೀಲವೊಂದು ಉಬ್ಬಿ ಮೇಲೆದ್ದು, ರಾಜಣ್ಣನ ಕೆನ್ನೆಗಳನ್ನು ಎರಡೂ ಕಡೆಯಿಂದ ಒತ್ತಿಹಿಡಿಯಿತು. ನೀರು ತಾಗಿದರೆ ತಾನಾಗಿಯೇ ಊದಿಕೊಳ್ಳುವ ಜಾತಿಯ ಲೈಫ್ ಜಾಕೆಟ್ ಅದು. ಕಾವೇರಿಯನ್ನು ಈಜಿದವರು ಆಕಾಶ ನೋಡುತ್ತ ತೇಲುತ್ತ, ಕೈಕಾಲು ಬಡಿಯುತ್ತ ಕೂಗಿದರು: "ಇಂದಿರಾ! ಮುಳುಗ್ತಾ ಇದ್ದೀನಿ ಕಣೇ!"

ಎಲ್ಲರೂ ನೋಡುತ್ತಿದ್ದಂತೆ ಪುರುಷೋತ್ತಮರು ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಗೇಟಿನಿಂದ ನೀರಿಗೆ ಇಳಿದರು. ಪ್ರಫುಲ್ಲಾ "ಅಯ್ಯೋ, ಇವರಿಗೆ ಈಜು ಬರುದಿಲ್ಲ!" ಎಂದು ಚೀರಿದರು. ಇಳಿದವರು ಅಲ್ಲೇ ನಿಂತರು. ನೀರು ಸೊಂಟದವರೆಗಿತ್ತು.

"ರಾಜಣ್ಣೋರೇ, ನಿಂತ್ಕೊಳ್ಳಿ," ಎಂದು ಕೈ ಚಾಚಿದರು.

ರಾಜಣ್ಣ ಕೈ ಹಿಡಿದು ಕಾಲು ಊರಿದರು. ನಿಂತರು. ಕೆಸರಿನಲ್ಲಿ ಇಬ್ಬರೂ ಎದುರುಬದುರು. ದಡದ ಮೇಲೆ ಗ್ಯಾರಿಯೂ ಅಜ್ಜಿಯೂ ದೋಣಿಗಳವರೂ ಎಲೆ ಹಿಡಿದುಕೊಂಡೇ ಸುತ್ತ ನಿಂತಿದ್ದರು.

"ಈಜು ಬರದೆ ಹೆಂಗೆ ಇಳಿದ್ರಿ?" ಎಂದು ರಾಜಣ್ಣ ಗಾಳಿಚೀಲದ ನಡುವಿನಿಂದ ಕೇಳಿದರು.

"ಬೋಟೇ ಕೆಸರಿನಲ್ಲಿ ಕೂತುಂಟಲ್ಲ? ಬೋಟ್ ಕೂರುವ ನೀರಿನಲ್ಲಿ ಮನುಷ್ಯ ನಿಲ್ಲಬಹುದು ಅಂತ ಲೆಕ್ಕ ಹಾಕಿದೆ. ನನಗೆ ಲೆಕ್ಕ ಒಂದು ಬರ್ತದೆ." ಆ ಹಳದಿ ಚೀಲವನ್ನು ನೋಡಿ ಕೇಳಿದರು: "ಕಾವೇರಿ?"

ರಾಜಣ್ಣ ಬೋಟಿನ ಕಡೆ ಒಮ್ಮೆ ನೋಡಿ ಧ್ವನಿ ತಗ್ಗಿಸಿದರು. "ಇಳಿದದ್ದು ನಿಜ. ಸ್ನಾನಘಟ್ಟದ ಮೂರನೇ ಮೆಟ್ಟಿಲವರೆಗೆ. ಸರಪಳಿ ಹಿಡ್ಕೊಂಡು."

"ಮೂವತ್ತು ವರ್ಷದಿಂದ ನನಗೂ ಈಜಿದ ಕಥೇನೇ ಹೇಳಿದ್ದೀರಲ್ರೀ!" ಎಂದು ಇಂದಿರಮ್ಮ ಕಟಕಟೆಯಿಂದ ಬಗ್ಗಿ ಕೂಗಿದರು. ಧ್ವನಿ ತಗ್ಗಿಸಿದ್ದು ಸಾಲದಾಗಿತ್ತು. ಪ್ರಫುಲ್ಲಾ ಅವರ ಭುಜ ಹಿಡಿದು, "ಬನ್ನಿ, ಕೂತ್ಕೊಳ್ಳಿ. ಹೂವಿನ ಪೂಜೆಯ ವಿಷಯ ಹೇಳ್ತೇನೆ," ಎಂದು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿನಲ್ಲಿ ಆ ಕಡೆಯಿಂದ ಇಬ್ಬರು ಹೆಂಗಸರೂ ಕಣ್ಣಲ್ಲಿ ನೀರು ಬರುವಂತೆ ನಗುವುದು ಕೇಳಿಸಿತು.

ಆಗ ಬುರ್ ಎಂದು ಸದ್ದು ಮಾಡುತ್ತ ಒಂದು ಪುಟ್ಟ ಸರ್ಕಾರಿ ದೋಣಿ ಬಂತು. ಸಮವಸ್ತ್ರದ ಅಧಿಕಾರಿಣಿಯೊಬ್ಬಳು ಅದರಲ್ಲಿ ನಿಂತೇ ಬೋಟನ್ನು, ಬಾಳೆಲೆಗಳನ್ನು, ಸಾಲನ್ನು, ನೀರಿನಲ್ಲಿ ಕೈಕೈ ಹಿಡಿದು ನಿಂತ ಇಬ್ಬರನ್ನು ನೋಡಿದಳು. ಕಪ್ಪು ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದಳು.

"ಈ ದೋಣಿಯ ಕ್ಯಾಪ್ಟನ್ ಯಾರು?"

ಗುರುದತ್ತ ಆಕಾಶದ ಕಡೆ ನೋಡಿದ. ಬೋಟಿನ ಮೇಲೆ ನಿರೀಕ್ಷಾ ಉಸಿರು ಹಿಡಿದಳು. ಪುರುಷೋತ್ತಮರು, ನಾನು ಕ್ಯಾಪ್ಟನ್ನನೇ ಅಲ್ಲ ಎಂದು ಹೇಳುವುದಕ್ಕೆ ಕೈ ಎತ್ತಿದರು. ಅದಕ್ಕೆ ಮೊದಲೇ ರಾಜಣ್ಣ ಆ ಕೈಯನ್ನು ಹಿಡಿದು ಇನ್ನೂ ಮೇಲಕ್ಕೆ ಎತ್ತಿದರು.

"ಇವರೇ ಮೇಡಂ," ಎಂದರು ಹಳದಿ ಚೀಲದ ಮೇಲಿನಿಂದ ಗದ್ದ ಎತ್ತಿ. "ಹೀ ಈಸ್ ಅವರ್ ಬೀಗರು."

ಬೋಟಿನ ಮೇಲೆ ಒಂದು ಕೂಗೆದ್ದಿತು. ಸುಧನ್ವ ನಿರೀಕ್ಷಾಳನ್ನು ಎತ್ತಿಕೊಂಡ. ಗ್ಯಾರಿ, ಏನೆಂದು ತಿಳಿಯದಿದ್ದರೂ, ಬಿಯರ್ ಎತ್ತಿದ. ಗ್ರೀಕ್ ಅಜ್ಜಿಗೆ ತಿಳಿದೇಬಿಟ್ಟಿತು. ಅವಳು ಒಳಗೆ ಓಡಿ ಹೋಗಿ ಒಂದು ಹಿಡಿ ಅಕ್ಕಿ ತಂದು ಜೋಡಿಯ ಮೇಲೆ ಎರಚಿದಳು.

ಅಧಿಕಾರಿಣಿ ರೇಡಿಯೋ ಬಾಯಿಗೆ ಹಿಡಿದಳು. "ಕಾಲುವೆ ಪೂರಾ ಬಂದ್. ಯಾರಿಗೂ ಗಾಯವಿಲ್ಲ. ಊಟ ನಡೆಯುತ್ತಿದೆ. ಕ್ಯಾಪ್ಟನ್ ಹೆಸರು..." ಅವಳು ಪುರುಷೋತ್ತಮರ ಕಡೆ ತಿರುಗಿ ಖಾತ್ರಿ ಮಾಡಿಕೊಳ್ಳಲು ಕೇಳಿದಳು. "ಮಿಸ್ಟರ್ ಬೀಗರು. ಅಲ್ಲವೇ?"

ಪುರುಷೋತ್ತಮರು ಬಾಯಿ ತೆರೆದರು. ಬೋಟಿನ ಮೇಲೆ ನಗುತ್ತಿದ್ದ ಮಗಳನ್ನು ನೋಡಿದರು. ಪಕ್ಕದಲ್ಲಿ ತಮ್ಮ ಕೈ ಬಿಡದೆ ನಿಂತಿದ್ದ ಹಳದಿ ಮನುಷ್ಯನನ್ನು ನೋಡಿದರು.

ಈ ಬಾರಿಯೂ ತಿದ್ದಲಿಲ್ಲ.